ಮಕ್ಕಳ ಆಸ್ತಮಾ ಮತ್ತು ಆನ್‌ಲೈನ್ ಶಿಕ್ಷಣ

ಆಸ್ತಮಾ ಶ್ವಾಸನಾಳಗಳ ದೀರ್ಘಕಾಲದ ಉರಿಯೂತ. ಧೂಳು, ಹೊಗೆ, ಪರಾಗ ಅಥವಾ ನೆಗಡಿಯ ವೈರಸ್ ತಾಗಿದಾಗ ಊದಿಕೊಂಡ ನಾಳಗಳು ಬಿಗಿದುಕೊಳ್ಳುತ್ತವೆ, ಕಫ ಕಟ್ಟುತ್ತದೆ, ಉಸಿರಿನ ದಾರಿ ಕಿರಿದಾಗುತ್ತದೆ. ರಾತ್ರಿಯ ಕೆಮ್ಮು, ಎದೆಯ ಗೊರಗೊರ ಸದ್ದು, ನಾಲ್ಕು ಹೆಜ್ಜೆ ಓಡಿದರೆ ಏದುಸಿರು ಇದರ ಕುರುಹುಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಜಗತ್ತಿನ 26.2 ಕೋಟಿ ಜನರಿಗೆ ಆಸ್ತಮಾ ಇತ್ತು, 4.55 ಲಕ್ಷ ಜನ ಅದಕ್ಕೆ ಬಲಿಯಾದರು. ಬೆಂಗಳೂರಿನಲ್ಲಿ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳನ್ನು ಅಧ್ಯಯನ ಮಾಡಿದಾಗ, 1979ರಲ್ಲಿ ಶೇ 9ರಷ್ಟಿದ್ದ ಆಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿದ್ದು ಕಂಡುಬಂತು.

ಆಸ್ತಮಾವನ್ನು ಬೇರುಸಹಿತ ಕೀಳುವ ಔಷಧವಿಲ್ಲ. ಹತೋಟಿಯಲ್ಲಿಡುವ ಔಷಧವಿದೆ, ಅದನ್ನು ಬಳಸುವ ಹೊಣೆ ಮನೆಯವರದು. ಉರಿಯೂತ ತಗ್ಗಿಸುವ ಇನ್‌ಹೇಲರನ್ನು ಮಗು ಚೆನ್ನಾಗಿದ್ದಾಗಲೂ ವೈದ್ಯರು ಹೇಳಿದಂತೆ ಮುಂದುವರಿಸಬೇಕು. ತಕ್ಷಣ ಉಪಶಮನ ಕೊಡುವ ಇನ್‌ಹೇಲರ್ ಉಬ್ಬಸ ಬಂದಾಗಿನ ಆಸರೆ. ಬರೀ ಉಪಶಮನದ ಇನ್‌ಹೇಲರನ್ನೇ ನೆಚ್ಚಿಕೊಳ್ಳುವುದು ಹದಿಹರೆಯದವರಿಗೆ ಸಲ್ಲದೆಂದು ಆಸ್ತಮಾ ಕುರಿತ ಅಂತರರಾಷ್ಟ್ರೀಯ ಸಂಸ್ಥೆ ಜೀನಾದ ಮಾರ್ಗಸೂಚಿ 2019ರಲ್ಲೇ ಹೇಳಿದೆ. ಆದರೆ ಕೆಮ್ಮು ನಿಂತೊಡನೆ ಔಷಧವನ್ನೂ ನಿಲ್ಲಿಸುವುದು, ಇನ್‌ಹೇಲರ್ ಹಿಡಿದರೆ ಚಟವಾಗುತ್ತದೆಂದು ಹೆದರುವುದು ಬಹಳಷ್ಟು ಮನೆಗಳಲ್ಲಿ ನಡೆದೇ ಇದೆ. ಹಾಗಾಗಿ ತಿಳಿವಳಿಕೆ ಕೊಡುವುದೂ ಚಿಕಿತ್ಸೆಯ ಭಾಗವೇ. ಹೊರರೋಗಿ ವಿಭಾಗದ ಕೆಲವೇ ನಿಮಿಷಗಳ ಭೇಟಿಯಲ್ಲಿ ಅದು ಮುಗಿಯುವಂಥದ್ದಲ್ಲ. ಆನ್‌ಲೈನ್ ಶಿಕ್ಷಣದ ಅಗತ್ಯ ಹುಟ್ಟುವುದು ಇಲ್ಲಿ.

ಈ ದಾರಿಯಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ಪಫ್ ಸಿಟಿ ಕಾರ್ಯಕ್ರಮ ಗಮನಾರ್ಹ. ಆರು ಪ್ರೌಢಶಾಲೆಗಳ 314 ವಿದ್ಯಾರ್ಥಿಗಳ ಮೇಲೆ ನಡೆದ ಅದರ ಪರೀಕ್ಷೆಯ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಎಲ್ಲರಿಗೂ ಲಭ್ಯವಿದ್ದ ಸಾಮಾನ್ಯ ಆಸ್ತಮಾ ಜಾಲತಾಣಗಳನ್ನು ತೋರಿಸಲಾಯಿತು. ಇನ್ನೊಂದು ಗುಂಪಿಗೆ ನಾಲ್ಕು ಆನ್‌ಲೈನ್ ಪಾಠಗಳು. ಈ ಪಾಠಗಳು ವಿದ್ಯಾರ್ಥಿ ಕೊಟ್ಟ ಉತ್ತರಕ್ಕೆ ತಕ್ಕಂತೆ ಬದಲಾಗುತ್ತಿದ್ದವು. ಔಷಧ ತಪ್ಪಿಸದಿರುವುದು, ಉಪಶಮನದ ಇನ್‌ಹೇಲರನ್ನು ಕೈಗೆಟಕುವಂತೆ ಇಟ್ಟುಕೊಳ್ಳುವುದು, ಧೂಮಪಾನ ಬಿಡುವುದು ಎಂಬ ಮೂರೇ ನಡವಳಿಕೆಗಳು ಅವುಗಳ ಗುರಿ. ವರ್ಷದ ಕೊನೆಗೆ ಎರಡನೆಯ ಗುಂಪಿನಲ್ಲಿ ಉಬ್ಬಸದ ದಿನಗಳೂ ಶಾಲೆ ತಪ್ಪಿದ ದಿನಗಳೂ ಕಡಿಮೆಯಾಗಿದ್ದವು. ಎರಡೂ ಗುಂಪುಗಳಿಗೆ ಅಂತರ್ಜಾಲವಿತ್ತು. ಅಂತರ ತಂದದ್ದು ಮಗುವಿನ ಸ್ಥಿತಿ ಕೇಳಿ ತಿಳಿದು ಪಾಠ ಹೇಳಿದ ರೀತಿ.

ಆಸ್ತಮಾ ಪಾಠದಲ್ಲಿ ಕೈಚಳಕದ ಭಾಗ ದೊಡ್ಡದು. ಇನ್‌ಹೇಲರನ್ನು ಅಲುಗಾಡಿಸಿ, ಸ್ಪೇಸರ್ ಎಂಬ ಕೊಳವೆಗೆ ಸಿಕ್ಕಿಸಿ, ಉಸಿರು ಹೊರಬಿಟ್ಟು, ತುಟಿ ಬಿಗಿಯಾಗಿ ಮುಚ್ಚಿ, ಒಮ್ಮೆ ಮಾತ್ರ ಒತ್ತಬೇಕು. ಬಳಿಕ ನಿಧಾನವಾಗಿ ಎಳೆದುಕೊಂಡು ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಚಿಕ್ಕ ಮಗು ಸ್ಪೇಸರಿನಲ್ಲೇ ಐದಾರು ಸಲ ಮಾಮೂಲಾಗಿ ಉಸಿರಾಡಿದರೆ ಸಾಕು. ಸ್ಟೆರಾಯ್ಡ್ ಔಷಧವಾದರೆ ಬಾಯಿ ಮುಕ್ಕಳಿಸಬೇಕು. ತೊಳೆದ ಪ್ಲಾಸ್ಟಿಕ್ ಸ್ಪೇಸರನ್ನು ಬಟ್ಟೆಯಿಂದ ಒರೆಸಬಾರದು, ಗಾಳಿಗೆ ಆರಲು ಬಿಡಬೇಕು. ಒರೆಸಿದರೆ ಸ್ಥಾಯೀ ವಿದ್ಯುತ್ ಉಂಟಾಗಿ ಔಷಧ ಅದರ ಗೋಡೆಗೇ ಅಂಟುತ್ತದೆ. ಇಂಥ ಸೂಕ್ಷ್ಮಗಳನ್ನು ವಿಡಿಯೊ ಚೆನ್ನಾಗಿ ತೋರಿಸಬಲ್ಲದು. ಆದರೆ ನೋಡಿದ್ದೆಲ್ಲ ಕೈಗೆ ಬರುವುದಿಲ್ಲ. ಮಗು ತಾನು ಔಷಧ ತೆಗೆದುಕೊಳ್ಳುವ ರೀತಿಯನ್ನು ಫೋನಿನಲ್ಲಿ ಚಿತ್ರಿಸಿ ಕಳಿಸಿ, ಶುಶ್ರೂಷಕಿ ತಪ್ಪು ತಿದ್ದಿ ಮರಳಿಸಿದಾಗಲೇ ಕಲಿಕೆ ಪೂರ್ಣ.

ವಯಸ್ಸಿಗೆ ತಕ್ಕಂತೆ ಪಾಠವೂ ಬದಲಾಗಬೇಕು. ಐದು ವರ್ಷದೊಳಗಿನ ಮಕ್ಕಳ ವಿಷಯದಲ್ಲಿ ಕಲಿಯಬೇಕಾದವರು ತಂದೆತಾಯಿ, ಅಜ್ಜಿ, ಅಂಗನವಾಡಿ ಕಾರ್ಯಕರ್ತೆ. ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕಥೆ, ಆಟ ಹಿಡಿಸುತ್ತವೆ. ತಮ್ಮ ಉಸಿರಿನ ಕಷ್ಟವನ್ನು ಅವರೇ ಹೇಳಬಲ್ಲರು. 4ರಿಂದ 11 ವರ್ಷದವರ ಆಸ್ತಮಾ ಹತೋಟಿ ಪರೀಕ್ಷೆಯ ಏಳು ಪ್ರಶ್ನೆಗಳಲ್ಲಿ ನಾಲ್ಕಕ್ಕೆ ಉತ್ತರಿಸುವುದು ಮಗುವೇ. ಹದಿಹರೆಯದವರ ತೊಡಕು ಬೇರೆ: ಗೆಳೆಯರೆದುರು ಇನ್‌ಹೇಲರ್ ತೆಗೆಯಲು ನಾಚಿಕೆ, ದಿನವೂ ಔಷಧವೇ ಎಂಬ ಬೇಸರ. ಅವರಿಗೆ ಉಪದೇಶಕ್ಕಿಂತ ಓರಗೆಯವರ ಮಾತು ಹೆಚ್ಚು ನಾಟುತ್ತದೆ.

ಕನ್ನಡದ ಪಾಠಗಳು ಇಲ್ಲಿನ ಬದುಕಿನಿಂದಲೇ ಹುಟ್ಟಬೇಕು. ಸೌದೆ ಒಲೆ, ಸೊಳ್ಳೆ ಬತ್ತಿ, ಊದುಬತ್ತಿ, ದೀಪಾವಳಿಯ ಪಟಾಕಿ, ಕಾಂಗ್ರೆಸ್ ಗಿಡದ ಪರಾಗ, ಮಲೆನಾಡಿನ ಮಳೆಗಾಲದ ಬೂಷ್ಟು ಅವುಗಳಲ್ಲಿ ಬರಬೇಕು. ಮನೆಗೊಂದೇ ಫೋನಿದ್ದು ಅದು ಅಪ್ಪನ ಜೇಬಿನಲ್ಲಿರುವ ಕಡೆ ಪಾಠ ಚಿಕ್ಕದಾಗಿರಬೇಕು, ಡೌನ್‌ಲೋಡ್ ಮಾಡಿಟ್ಟುಕೊಳ್ಳುವಂತಿರಬೇಕು, ಶಾಲೆಯಲ್ಲೂ ಸಿಗುವಂತಿರಬೇಕು. ಮಗುವಿನ ಆರೋಗ್ಯದ ವಿವರ ಪರರ ಪಾಲಾಗದಂತೆ ಕಾಯಬೇಕು. ಮಾತನಾಡಲೂ ಉಸಿರು ಸಾಲದಿದ್ದರೆ, ಪಕ್ಕೆಲುಬಿನ ನಡುವೆ ಚರ್ಮ ಒಳಸೆಳೆದರೆ, ತುಟಿ ನೀಲಿಗಟ್ಟಿದರೆ ಫೋನ್ ನೋಡುತ್ತ ಕೂರದೆ, ಉಪಶಮನದ ಇನ್‌ಹೇಲರ್ ಕೊಡುತ್ತ 108ಕ್ಕೆ ಕರೆಮಾಡಿ ಆಸ್ಪತ್ರೆಗೆ ಒಯ್ಯಬೇಕೆಂಬುದು ಪ್ರತಿ ಪಾಠದಲ್ಲೂ ಇರಲೇಬೇಕು.

ಇನ್ನು ತೀರ್ಮಾನಿಸಬೇಕಾದದ್ದು ಇಂಥ ಪಾಠಗಳ ಅಳತೆಗೋಲನ್ನು. ವಿಡಿಯೊವನ್ನು ಎಷ್ಟು ಜನ ನೋಡಿದರೆಂಬುದು ಸುಲಭದ ಲೆಕ್ಕ. ಮಗು ಎಷ್ಟು ರಾತ್ರಿ ಕೆಮ್ಮದೆ ನಿದ್ದೆ ಮಾಡಿತು, ಎಷ್ಟು ದಿನ ಶಾಲೆ ತಪ್ಪಿಸಿತು, ಎಷ್ಟು ಸಲ ತುರ್ತು ಚಿಕಿತ್ಸೆಗೆ ಓಡಬೇಕಾಯಿತು ಎಂಬುದೇ ನಿಜವಾದ ಲೆಕ್ಕ. ವೈದ್ಯರು, ಶಿಕ್ಷಕರು, ತಂತ್ರಜ್ಞರು ಕೂಡಿ ರೂಪಿಸುವ ಪಾಠಗಳ ಯಶಸ್ಸನ್ನು ಈ ಮೂರರಿಂದಲೇ ಅಳೆಯಬೇಕು.