ಆಪ್ಟೋಮೆಟ್ರಿ ಓದಿಸಬೇಕೇ? ಲಾಭ ಮತ್ತು ಮಿತಿ
(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ಟ್ರಸ್ಟ್ ಪರವಾಗಿ ಮಾಡಿದ ಭಾಷಣ)



ವೈದ್ಯಕೀಯ ಸೀಟು ಕೈತಪ್ಪಿದಾಗ ಅನೇಕ ಕುಟುಂಬಗಳು ನಮ್ಮಲ್ಲಿ ಕೇಳುವ ಪ್ರಶ್ನೆ ಒಂದೇ: ‘ಇನ್ನು ಬೇರೆ ಏನಿದೆ?’ ಆ ಪಟ್ಟಿಯಲ್ಲಿ ಆಪ್ಟೋಮೆಟ್ರಿಯ ಹೆಸರು ಈಗ ಹೆಚ್ಚು ಕೇಳಿಬರುತ್ತಿದೆ. ಅದನ್ನು ಹೊಗಳಲೂ ಅಲ್ಲ, ತೆಗಳಲೂ ಅಲ್ಲ, ಸಾಲ ಮಾಡಿ ಮಕ್ಕಳನ್ನು ಓದಿಸುವ ಮನೆಯವರು ತೂಗಿ ನೋಡಲಿ ಎಂದು ನಾಲ್ಕು ಮಾತು ಹೇಳುತ್ತೇವೆ.

ಮೊದಲು ಒಂದು ಗೊಂದಲ ನಿವಾರಣೆ ಆಗಲಿ. ಕಣ್ಣಿನ ಶಸ್ತ್ರಚಿಕಿತ್ಸೆ ಮಾಡುವವರು ನೇತ್ರವೈದ್ಯರು. ಅವರು ಎಂಬಿಬಿಎಸ್ ಮುಗಿಸಿ ಮತ್ತೆ ಓದಿದವರು. ಬರೆದುಕೊಟ್ಟ ನಂಬರಿಗೆ ಸರಿಯಾಗಿ ಕನ್ನಡಕ ಸಿದ್ಧಪಡಿಸುವವರು ಆಪ್ಟಿಷಿಯನ್. ಇವರಿಬ್ಬರ ನಡುವೆ ನಿಂತು ದೃಷ್ಟಿ ಪರೀಕ್ಷಿಸಿ, ನಂಬರ್ ನಿರ್ಧರಿಸಿ, ಕಾಂಟ್ಯಾಕ್ಟ್ ಲೆನ್ಸ್ ಹೊಂದಿಸಿ, ರೋಗದ ಲಕ್ಷಣ ಕಂಡರೆ ವೈದ್ಯರ ಬಳಿಗೆ ಕಳುಹಿಸುವವರು ಆಪ್ಟೋಮೆಟ್ರಿಸ್ಟ್. ಇದಕ್ಕೆ ಪದವಿ ಕೋರ್ಸ್ ಇದೆ. ಕೊನೆಯ ವರ್ಷ ಇಂಟರ್ನ್‌ಶಿಪ್. ಚೆನ್ನೈನ ಎಲೀಟ್ ಸ್ಕೂಲ್ ಆಫ್ ಆಪ್ಟೋಮೆಟ್ರಿ 1985ರಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಕಾಲೇಜುಗಳಲ್ಲೂ ಮಣಿಪಾಲದಲ್ಲೂ ಈ ಕೋರ್ಸ್ ಇದೆ.

ಲಾಭದ ಕಡೆ ನೋಡೋಣ. ಕೆಲಸದ ಅಗತ್ಯ ಕಡಿಮೆಯಾಗುವಂಥದ್ದಲ್ಲ. ನಲವತ್ತು ದಾಟಿದವರಿಗೆ ಹತ್ತಿರದ ಅಕ್ಷರ ಮಸುಕಾಗುವುದು ಸಹಜ. ಸಕ್ಕರೆ ಕಾಯಿಲೆ ಇರುವವರು ನೋಟ ಚೆನ್ನಾಗಿದ್ದರೂ ವರ್ಷಕ್ಕೊಮ್ಮೆ ಕಣ್ಣಿನ ಒಳಪದರ ಪರೀಕ್ಷಿಸಿಕೊಳ್ಳಬೇಕು. ಗ್ಲಾಕೋಮಾ ಬಹಳ ಸಲ ನೋವಿಲ್ಲದೆ ದೃಷ್ಟಿ ಕದಿಯುತ್ತದೆ. ಮಗುವಿನ ಒಂದು ಕಣ್ಣು ಮಂದವಾಗಿದ್ದರೆ ಇನ್ನೊಂದು ಕಣ್ಣು ಕೆಲಸ ಸಾಗಿಸುವುದರಿಂದ ಮನೆಯವರಿಗೆ ಗೊತ್ತೇ ಆಗುವುದಿಲ್ಲ. ಚಿಕ್ಕ ವಯಸ್ಸಿನಲ್ಲೇ ಹಿಡಿದರೆ ಸರಿಪಡಿಸಲು ಸಾಧ್ಯತೆ ಹೆಚ್ಚು, ತಡವಾದಷ್ಟು ಕಷ್ಟ. ಇಂಥದ್ದನ್ನು ಮೊದಲು ಗುರುತಿಸುವ ಅವಕಾಶ ಅನೇಕ ಕಡೆ ಆಪ್ಟೋಮೆಟ್ರಿಸ್ಟ್‌ನದು. ರಾತ್ರಿಪಾಳಿ ಅಪರೂಪ. ಅನುಭವ ಬಂದ ಮೇಲೆ ಸ್ವಂತ ಕ್ಲಿನಿಕ್ ತೆರೆಯಬಹುದು, ಮುಂದೆ ಓದಿ ಬೋಧಕರೂ ಆಗಬಹುದು.

ಇನ್ನು ಮಿತಿಗಳು. ಆರಂಭದ ಸಂಬಳ ಸಾಮಾನ್ಯವಾಗಿ ಕಡಿಮೆ. ದೊಡ್ಡ ಶುಲ್ಕಕ್ಕೆ ದೊಡ್ಡ ಸಾಲ ಮಾಡಿದರೆ ಮೊದಲ ಕೆಲವು ವರ್ಷ ಕಂತು ಕಟ್ಟುವುದೇ ಭಾರವಾಗುತ್ತದೆ. ಜನ ಇನ್ನೂ ‘ಕನ್ನಡಕದ ಅಂಗಡಿಯವರು’ ಎಂದೇ ಕರೆಯುತ್ತಾರೆ. ಕೆಲವು ಮಳಿಗೆಗಳಲ್ಲಿ ಪರೀಕ್ಷೆಗಿಂತ ಮಾರಾಟದ ಗುರಿಯೇ ಮುಖ್ಯ; ಅವಸರವಿಲ್ಲದ ಫ್ರೇಮನ್ನು ಬಡವನ ತಲೆಗೆ ಕಟ್ಟು ಎಂಬ ಒತ್ತಡ ಬಂದಾಗ ‘ಇಲ್ಲ’ ಎನ್ನುವ ಗಟ್ಟಿತನ ಬೇಕು. ಕಂಪ್ಯೂಟರ್ ಯಂತ್ರ ಒಂದು ಅಂದಾಜು ನಂಬರ್ ಕೊಡುತ್ತದೆ, ಆನ್‌ಲೈನಿನಲ್ಲಿ ಕನ್ನಡಕ ಸಿಗುತ್ತದೆ. ಆದ್ದರಿಂದ ನಂಬರ್ ನೋಡುವುದಷ್ಟೇ ಕಲಿತವರಿಗೆ ಮುಂದಿನ ದಿನ ಸುಲಭವಲ್ಲ. ಮಕ್ಕಳ ದೃಷ್ಟಿ, ಮಂದದೃಷ್ಟಿಯವರ ನೆರವು, ವಿಶೇಷ ಲೆನ್ಸ್ ಇವುಗಳಲ್ಲಿ ಪಳಗಿದವರಿಗೆ ಬೆಲೆ ಉಳಿಯುತ್ತದೆ.

ಕೊಲ್ಲಿಯ ಮಾತು ನಮ್ಮ ಮನೆಗಳಲ್ಲಿ ತಪ್ಪದೆ ಬರುತ್ತದೆ. ಅಲ್ಲಿ ಅವಕಾಶ ಇದೆ, ಆದರೆ ಪದವಿ ಪತ್ರ ಹಿಡಿದು ವಿಮಾನ ಹತ್ತಿದರೆ ಸಾಲದು. ದಾಖಲೆಗಳ ಪರಿಶೀಲನೆ, ಲೈಸೆನ್ಸ್ ಪರೀಕ್ಷೆ, ಸಾಮಾನ್ಯವಾಗಿ ಕೆಲಸದ ಅನುಭವ, ಇವೆಲ್ಲ ಬೇಕು. ಅಮೆರಿಕದಲ್ಲಂತೂ ಡಾಕ್ಟರ್ ಆಫ್ ಆಪ್ಟೋಮೆಟ್ರಿ ಎಂಬ ಅಲ್ಲಿನ ಪದವಿಯನ್ನೇ ಪಡೆಯಬೇಕಾಗುತ್ತದೆ. ‘ವಿದೇಶದಲ್ಲಿ ಕೆಲಸ ಗ್ಯಾರಂಟಿ’ ಎಂದು ಯಾವ ಕಾಲೇಜಿನ ಪ್ರತಿನಿಧಿ ಹೇಳಿದರೂ ನಂಬಬೇಡಿ.

ದೇಶದಲ್ಲಿ ಬಹುಕಾಲ ಈ ವೃತ್ತಿಗೆ ಪ್ರತ್ಯೇಕ ಶಾಸನಬದ್ಧ ನಿಯಂತ್ರಣ ಇರಲಿಲ್ಲ. 2021ರ ರಾಷ್ಟ್ರೀಯ ಸಹಾಯಕ ಮತ್ತು ಆರೋಗ್ಯ ಸೇವಾ ವೃತ್ತಿಗಳ ಆಯೋಗದ ಕಾಯ್ದೆ ಆಪ್ಟೋಮೆಟ್ರಿಸ್ಟರನ್ನೂ ಒಳಗೊಂಡಿದ್ದು, ನೋಂದಣಿಗೆ ದಾರಿ ಮಾಡಿದೆ. ಆದ್ದರಿಂದ ಮಾನ್ಯತೆ ಇಲ್ಲದ ಕೋರ್ಸಿಗೆ ಸೇರಿದವರು ನಾಳೆ ಬಾಗಿಲ ಹೊರಗೆ ನಿಲ್ಲಬೇಕಾದೀತು.

ಪೋಷಕರೇ, ಶುಲ್ಕ ಕಟ್ಟುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಇದು ಪದವಿಯೇ, ಡಿಪ್ಲೊಮಾನೇ? ಯಾವ ವಿಶ್ವವಿದ್ಯಾಲಯಕ್ಕೆ ಸೇರಿದೆ? ವಿದ್ಯಾರ್ಥಿಗಳು ರೋಗಿಗಳನ್ನು ಪರೀಕ್ಷಿಸಿ ಕಲಿಯಲು ಕಣ್ಣಾಸ್ಪತ್ರೆಯ ನಂಟು ಇದೆಯೇ? ಇಂಟರ್ನ್‌ಶಿಪ್ ಎಲ್ಲಿ, ಅಲ್ಲಿ ಭತ್ಯೆ ಉಂಟೇ? ಹಾಗೆಯೇ ಈಗಾಗಲೇ ಕೆಲಸದಲ್ಲಿರುವ ಒಬ್ಬ ಆಪ್ಟೋಮೆಟ್ರಿಸ್ಟರ ಜೊತೆ ನಿಮ್ಮ ಮಗ ಅಥವಾ ಮಗಳನ್ನು ಒಂದು ದಿನ ಕೂರಿಸಿ. ಕತ್ತಲ ಕೋಣೆಯಲ್ಲಿ ‘ಇದು ಸ್ಪಷ್ಟವೋ, ಅದು ಸ್ಪಷ್ಟವೋ’ ಎಂದು ನೂರು ಸಲ ತಾಳ್ಮೆಯಿಂದ ಕೇಳಲು ಮನಸ್ಸಿದೆಯೇ ಎಂಬುದು ಅಂಕಪಟ್ಟಿಯಿಂದ ತಿಳಿಯುವುದಿಲ್ಲ.

ದಾನಿಗಳಲ್ಲಿ ಒಂದು ವಿನಂತಿ. ಇಂಟರ್ನ್‌ಶಿಪ್ ಎಂದರೆ ಸಂಪಾದನೆ ಶುರುವಾಯಿತು ಎಂದು ಭಾವಿಸಿ ಕೊನೆಯ ವರ್ಷ ನೆರವು ನಿಲ್ಲಿಸುವುದುಂಟು. ಭತ್ಯೆ ಇಲ್ಲದ ಕಡೆ ಊಟ, ಬಾಡಿಗೆ, ಬಸ್ಸಿನ ಖರ್ಚು ಹಾಗೇ ಇರುತ್ತದೆ. ಅಷ್ಟು ವರ್ಷ ಓದಿಸಿ ಕೊನೆಯದರಲ್ಲಿ ಕೈಬಿಟ್ಟರೆ ಕೊಟ್ಟ ಹಣವೂ ಪಟ್ಟ ಶ್ರಮವೂ ನೀರಿಗೆ ಹೋಮ. ಹೊಸಬರ ಸಂಖ್ಯೆ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಕೈಹಿಡಿದವರನ್ನು ದಡ ಮುಟ್ಟಿಸೋಣ ಎಂಬುದು ನಮ್ಮ ಅಭಿಪ್ರಾಯ.

ಕೊನೆಯದಾಗಿ ವಿದ್ಯಾರ್ಥಿಗಳಿಗೆ: ಡಾಕ್ಟರ್ ಆಗಲಿಲ್ಲ ಎಂಬ ಕೊರಗಿನಿಂದ ಈ ದಾರಿಗೆ ಬರಬೇಡಿ. ಬೇಗ ಶ್ರೀಮಂತರಾಗಲು ಇದು ದಾರಿಯಲ್ಲ. ಕಣ್ಣಿನ ಕೆಲಸವೇ ಇಷ್ಟವಾಗಿದ್ದರೆ ಮರ್ಯಾದೆಯಿಂದ ಬದುಕಲು ಸಾಕಾಗುವ ಕಸುಬು. ಹಾಗೆ ಯೋಚಿಸಿ ಬಂದವರ ಅರ್ಜಿಯನ್ನು ಎಂಜಿನಿಯರಿಂಗ್, ವೈದ್ಯಕೀಯ ಅರ್ಜಿಗಳ ಸಾಲಿನಲ್ಲೇ ಇಟ್ಟು ನಾವು ಪರಿಶೀಲಿಸುತ್ತೇವೆ.