ಎಲ್ಲಿಂದ ಬಿದ್ದ ಅಂತ ಬರೆಯಿರಿ

(ಹಾಸ್ಟೆಲ್ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ನನ್ನನ್ನು ಇಲ್ಲಿಗೆ ಕರೆದದ್ದು ಕವಿತೆ ಓದಲಿಕ್ಕೆ. ಇವತ್ತು ಕವಿತೆ ಬೇಡ. ನಾನು ಬರೆದ ಒಂದೇ ಒಂದು ಸಾಲಿನ ಬಗ್ಗೆ ಮಾತಾಡ್ತೀನಿ. ಆ ಸಾಲು ಯಾವ ಪತ್ರಿಕೆಯಲ್ಲೂ ಅಚ್ಚಾಗಿಲ್ಲ. ಬೆಂಗಳೂರಿನ ಒಂದು ಆಸ್ಪತ್ರೆಯ ಕಾಗದದಲ್ಲಿದೆ. ಅದು ಸುಳ್ಳು ಸಾಲು.

2018ನೇ ಇಸವಿ. ನಾನಾಗ ಬಿ.ಎ. ಮೊದಲ ವರ್ಷ. ನಮ್ಮ ಚಿಕ್ಕಪ್ಪ ಪಾವಗಡದ ಕಡೆಯಿಂದ ಬಂದು ಬೆಂಗಳೂರಲ್ಲಿ ಗಾರೆ ಕೆಲಸಕ್ಕಿದ್ದ. ವಯಸ್ಸು ನಲವತ್ತು. ಮೂರನೇ ಅಂತಸ್ತಿನ ಹೊರಗೋಡೆಗೆ ಗಾರೆ ಹೊಡೀತಿದ್ದಾಗ ಸಾರವೆಯ ಕಟ್ಟು ಬಿಚ್ಚಿಕೊಂಡು ಹಲಗೆ ಸಮೇತ ಕೆಳಕ್ಕೆ ಬಂದ. ಸೊಂಟಕ್ಕೆ ಬೆಲ್ಟು ಇರಲಿಲ್ಲ, ಕೆಳಗೆ ಬಲೆ ಇರಲಿಲ್ಲ. ಬೆನ್ನುಮೂಳೆ ಮುರೀತು.

ನಾನು ಹಾಸ್ಟೆಲಿನಿಂದ ಓಡಿ ಹೋದೆ. ಮೇಸ್ತ್ರಿ ಒಳ್ಳೆಯವನ ಹಾಗೇ ಮಾತಾಡಿದ. ಆಟೋದಲ್ಲಿ ಕರಕೊಂಡು ಬಂದದ್ದೂ ಅವನೇ. ನನ್ನ ಹೆಗಲ ಮೇಲೆ ಕೈ ಹಾಕಿ, ‘ತಮ್ಮಾ, ನೀನು ಓದ್ದೋನು, ಅಕ್ಷರ ಚೆನ್ನಾಗೈತೆ, ನೀನೇ ಬರಿ. ಮನೆ ಮೆಟ್ಟಿಲ ಮೇಲೆ ಜಾರಿ ಬಿದ್ದ ಅಂತ ಬರಿ. ಕೆಲಸದ ಜಾಗ ಅಂದ್ರೆ ಪೊಲೀಸು, ಕೇಸು, ಡಾಕ್ಟ್ರು ಮುಟ್ಟಾಕಿಲ್ಲ’ ಅಂದ. ಚಿಕ್ಕಮ್ಮ ಅಳ್ತಾ ನಿಂತಿದ್ದಳು. ನಾನು ಬರೆದೆ. ದುಂಡಗೆ, ಒಂದು ಕಾಗುಣಿತವೂ ತಪ್ಪದ ಹಾಗೆ ಬರೆದೆ. ಕೆಳಗೆ ರುಜು ಹಾಕಿದೆ.

ಎರಡು ಕಂತಿನಲ್ಲಿ 20,000 ರೂಪಾಯಿ ಬಂತು. ಆಮೇಲೆ ಮೇಸ್ತ್ರಿ ಫೋನು ಎತ್ತಲಿಲ್ಲ. ಚಿಕ್ಕಪ್ಪ ಮತ್ತೆ ಎದ್ದು ನಿಲ್ಲಲಿಲ್ಲ. ಅವನ ಮಗ ಪಿ.ಯು.ಸಿ. ಬಿಟ್ಟು ಸೆಂಟ್ರಿಂಗ್ ಕೆಲಸಕ್ಕೆ ಹೋದ. ಅಪ್ಪ ಬಿದ್ದ ಜಾಗಕ್ಕೇ ಮಗ ಹತ್ತಿದ.

ಈಗ ಲೆಕ್ಕ ಕೇಳಿ. ಆಗ ಜಾರಿಯಲ್ಲಿದ್ದದ್ದು 1923ರ ಪರಿಹಾರ ಕಾಯ್ದೆ. ಕೆಲಸದಲ್ಲಿ ಪೂರಾ, ಕಾಯಂ ಅಂಗವಿಕಲನಾದವನಿಗೆ ತಿಂಗಳ ಕೂಲಿಯ ನೂರಕ್ಕೆ 60 ಭಾಗ ತಗೊಂಡು, ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸಬೇಕು. ನಲವತ್ತು ವಯಸ್ಸಿಗೆ ಆ ಅಂಕಿ 184.17. ಕೂಲಿ ಎಷ್ಟೇ ಇರಲಿ, ಆಗ ಲೆಕ್ಕಕ್ಕೆ ಹಿಡಿಯುತ್ತಿದ್ದದ್ದು ಹೆಚ್ಚೆಂದರೆ ತಿಂಗಳಿಗೆ 8,000. ಗುಣಿಸಿ ನೋಡಿ: 8,84,016 ರೂಪಾಯಿ. ಇದು ಯಾರೋ ಕರುಣೆಯಿಂದ ಕೊಡುವ ದುಡ್ಡಲ್ಲ, ಕಾನೂನಿನ ಸಾಲ. ಅದನ್ನು 20,000ಕ್ಕೆ ಚುಕ್ತಾ ಮಾಡಿದ್ದು ಮೇಸ್ತ್ರಿಯ ಜಾಣತನವೊಂದೇ ಅಲ್ಲ, ನನ್ನ ಅಕ್ಷರ ಕೂಡ.

ಇದೆಲ್ಲ ನನಗೆ ಗೊತ್ತಾಗುವ ಹೊತ್ತಿಗೆ ಅರ್ಜಿ ಹಾಕುವ ಎರಡು ವರ್ಷದ ಗಡುವು ದಾಟಿತ್ತು. ತಕ್ಕ ಕಾರಣ ಇದ್ದರೆ ತಡವನ್ನು ಮನ್ನಿಸಬಹುದು ಅಂತ ಕಾನೂನಿನಲ್ಲಿದೆ. ಆದರೆ ಕಾಗದದಲ್ಲಿ ನನ್ನದೇ ಅಕ್ಷರ ಸಾಕ್ಷಿ ಹೇಳುತ್ತಿತ್ತಲ್ಲ, ಮನೆ ಮೆಟ್ಟಿಲ ಮೇಲೆ ಬಿದ್ದ ಅಂತ!

ಗೆಳೆಯರೆ, ಕಟ್ಟಡವೇ ಕುಸಿದರೆ ಲೋಕ ಓಡಿ ಬರುತ್ತದೆ. 1983ರ ಸೆಪ್ಟೆಂಬರ್ 12ರಂದು ಬೆಂಗಳೂರಿನಲ್ಲಿ ಕಟ್ಟುತ್ತಿದ್ದ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚ್ 19ರಂದು ಧಾರವಾಡದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಮಂತ್ರಿಗಳು ಬಂದರು, ಪತ್ರಿಕೆಗಳು ಬರೆದವು. ಒಬ್ಬೊಬ್ಬರೇ ಬೀಳುವವರನ್ನು ಯಾರು ಬರೀತಾರೆ? ಸಾರವೆಯಿಂದ ಒಬ್ಬ, ಲಿಫ್ಟಿನ ಗುಂಡಿಗೆ ಒಬ್ಬ, ಮಣ್ಣು ಕುಸಿದ ಪಾಯದಲ್ಲಿ ಒಬ್ಬಳು. ಮೇಸ್ತ್ರಿಯ ಹಾಜರಿ ಪುಸ್ತಕದಲ್ಲಿ ಅವರ ಹೆಸರುಂಟು. ಅರ್ಧ ದಿನದ ಕೂಲಿ ಮುರಿಯಬೇಕಾದರೆ ಆ ಹೆಸರು ಬೇಕು. ಬಿದ್ದ ದಿನ ಅದೇ ಹೆಸರು ಪುಸ್ತಕದಿಂದ ಮಾಯ.

ಕಾನೂನು ಏನು ಹೇಳುತ್ತೆ? ಕೆಲಸದಲ್ಲಿ ಸಾವಾದರೆ, ಇಲ್ಲವೆ ಗಾಯವಾಗಿ 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಿದ್ದರೆ, ಮಾಲೀಕ ಅಧಿಕಾರಿಗೆ ತಿಳಿಸಲೇಬೇಕು. ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ 39ನೇ ಕಲಮಿನಲ್ಲಿ ಇದು ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಸುರಕ್ಷತೆಯ ಸಂಹಿತೆಯಲ್ಲೂ, 10ನೇ ಕಲಮಾಗಿ, ಇದೇ ಇದೆ. ಕಾಯ್ದೆ ಬದಲಾದರೂ 48 ಗಂಟೆ ಬದಲಾಗಲಿಲ್ಲ. ತಪ್ಪಿಸಿಕೊಳ್ಳುವ ದಾರಿಯೂ ಬದಲಾಗಲಿಲ್ಲ. ಕೈಗೆ ಪಟ್ಟಿ ಕಟ್ಟಿದವನನ್ನು ಮಾರನೆ ದಿನ ಸಿಮೆಂಟು ಮೂಟೆ ಕಾಯಲು ಕೂರಿಸಿದರೆ ಆಯಿತು. ಹಾಜರಿ ಬಿತ್ತು, 48 ಗಂಟೆ ಆಗಲಿಲ್ಲ, ಗಾಯವೇ ಆಗಲಿಲ್ಲ!

ಬರೆಯದೇ ಹೋದ ಗಾಯಕ್ಕೆ ಪರಿಹಾರ ಇಲ್ಲ. ಅಷ್ಟೇ ಅಲ್ಲ. ಸಾರವೆ ಕಟ್ಟು ಬಿಚ್ಚಿ ಒಬ್ಬ ಬಿದ್ದ ಅಂತ ದಾಖಲಾಗಿದ್ದರೆ ಅಧಿಕಾರಿ ಬಂದು ಸಾರವೆ ನೋಡಬಹುದಿತ್ತು. ದಾಖಲಾಗದಿದ್ದರೆ ಅದೇ ಗಳ, ಅದೇ ಹಗ್ಗ ಮುಂದಿನ ಕಟ್ಟಡಕ್ಕೆ ಹೋಗುತ್ತೆ. ಅಲ್ಲಿ ಇನ್ನೊಬ್ಬರ ಚಿಕ್ಕಪ್ಪ ಹತ್ತಿ ನಿಲ್ಲುತ್ತಾನೆ.

ಅದಕ್ಕೇ ನಿಮ್ಮಲ್ಲಿ ಕೇಳಿಕೊಳ್ಳೋದು. ನಮ್ಮ ಕೇರಿಗಳಿಂದ ಕಟ್ಟಡದ ಕೆಲಸಕ್ಕೆ ಹೋದವರಿಗೆ ಏನಾದರೂ ಆದರೆ ಮೊದಲ ಫೋನು ಬರೋದು ಹಾಸ್ಟೆಲಿನಲ್ಲಿರುವ ನಿಮಗೆ. ಹೋಗುವಾಗ ಒಂದು ನೋಟ್‌ಬುಕ್ಕು ತಗೊಂಡು ಹೋಗಿ. ದಿನ, ಹೊತ್ತು, ಜಾಗ ಬರೆಯಿರಿ. ಎಷ್ಟನೇ ಅಂತಸ್ತು, ಏನು ಕೆಲಸ, ಏನು ಮುರೀತು ಬರೆಯಿರಿ. ಮೇಸ್ತ್ರಿ ಯಾರು, ಅವನ ಮೇಲಿನ ಗುತ್ತಿಗೆದಾರ ಯಾರು, ಗೇಟಿನ ಬೋರ್ಡಿನಲ್ಲಿ ಯಾವ ಹೆಸರಿದೆ ಬರೆಯಿರಿ. ಒಳಗುತ್ತಿಗೆ ಕೊಟ್ಟ ಮೇಲಿನ ಗುತ್ತಿಗೆದಾರನನ್ನೂ ಪರಿಹಾರಕ್ಕೆ ಹಿಡಿಯಬಹುದು. ನೋಡಿದ ಇಬ್ಬರ ಹೆಸರು, ಊರು, ಫೋನು ನಂಬರು ತಗೊಳ್ಳಿ. ಅವರು ನಾಳೆ ಬೇರೆ ಕೆಲಸಕ್ಕೆ ಹೊರಟುಹೋಗಿರ್ತಾರೆ. ಸಾರವೆ ಬಿಚ್ಚುವ ಮುಂಚೆ ಫೋಟೋ ತೆಗೆಯಿರಿ.

ಆಸ್ಪತ್ರೆಯಲ್ಲಿ ‘ಕಟ್ಟಡದ ಕೆಲಸ ಮಾಡುವಾಗ ಬಿದ್ದದ್ದು’ ಅಂತಲೇ ಹೇಳಿ, ಹಾಗೇ ಬರೆಸಿ. ಎಂ.ಎಲ್.ಸಿ. ಮಾಡಿಸಿ, ಪೊಲೀಸರಿಗೆ ತಿಳಿಸಲಿ. ಎಫ್.ಐ.ಆರ್. ಆದರೆ ದೂರು ಕೊಟ್ಟವರಿಗೆ ಅದರ ಪ್ರತಿ ಪುಕ್ಕಟೆ ಕೊಡಬೇಕು, ಕೇಳಿ ತಗೊಳ್ಳಿ. ಕಾರ್ಮಿಕ ಇಲಾಖೆಗೆ ಅರ್ಜಿ ಕೊಟ್ಟು ನಿಮ್ಮ ಪ್ರತಿಗೆ ಮೊಹರು ಹಾಕಿಸಿಕೊಳ್ಳಿ. ಕಟ್ಟಡ ಕಾರ್ಮಿಕರ ಮಂಡಳಿಯ ಕಾರ್ಡಿನಿಂದ ಸಿಗುವ ನೆರವು ಬೇರೆ, ಮಾಲೀಕ ಕೊಡಬೇಕಾದ ಪರಿಹಾರ ಬೇರೆ. ಒಂದನ್ನು ತೋರಿಸಿ ಇನ್ನೊಂದನ್ನು ನುಂಗಲು ಬಿಡಬೇಡಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಲು ಯಾರನ್ನೂ ಬಿಡಬೇಡಿ.

ಸುಲಭ ಅಂತ ನಾನು ಹೇಳೋದಿಲ್ಲ. ಕೇಸು ಅಂದರೆ ಉಳಿದವರ ಕೆಲಸ ಹೋಗುತ್ತೆ ಅಂತ ಹೆದರಿಸ್ತಾರೆ. ಚಿಕ್ಕಮ್ಮಂದಿರು ಆ ರಾತ್ರಿಯ ಔಷಧಿಗೆ ದುಡ್ಡು ಸಿಕ್ಕರೆ ಸಾಕು ಅಂತಾರೆ. ಅವರ ಮೇಲೆ ಸಿಟ್ಟಾಗಬೇಡಿ. ದುಡ್ಡು ಕೊಟ್ಟರೆ ತಗೊಳ್ಳಲಿ, ಎಷ್ಟು ಕೊಟ್ಟರು ಅನ್ನೋದನ್ನೂ ಬರೆದಿಡಿ. ಸುಳ್ಳು ಸಾಲು ಮಾತ್ರ ಬರೆದುಕೊಡಬೇಡಿ.

ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸರಾಯರ ಮಂಡಳಿಯಲ್ಲಿ ಕಾರ್ಮಿಕ ಖಾತೆ ನೋಡಿದವರು. ಅವರ ಪಟ ನಮ್ಮ ಹಾಸ್ಟೆಲಿನ ಗೋಡೆಯ ಮೇಲಿದೆ. ಆ ಗೋಡೆಗೆ ಗಾರೆ ಹೊಡೆದವನ ಹೆಸರು ನಮಗೆ ಗೊತ್ತಿಲ್ಲ. ಅವನು ಬಿದ್ದಿದ್ದರೆ ಅದೂ ಗೊತ್ತಾಗುತ್ತಿರಲಿಲ್ಲ.

ನಮ್ಮ ಅಜ್ಜಂದಿರ ಸಾಲದ ಪತ್ರವನ್ನು ಬೇರೆಯವರು ಬರೆದರು, ಅಜ್ಜಂದಿರು ಹೆಬ್ಬೆಟ್ಟು ಒತ್ತಿದರು. ಅವರಿಗೆ ಓದು ಬರ್ತಿರಲಿಲ್ಲ. ನನಗೆ ಬರ್ತಿತ್ತು. ಬಂದೂ ಹಾಗೆ ಬರೆದೆ. ಇದನ್ನು ನಿಮ್ಮ ಮುಂದೆ ಹೇಳಲಿಕ್ಕೆ ನನಗೆ ಇಷ್ಟು ವರ್ಷ ಬೇಕಾಯ್ತು.

ಪೆನ್ನು ಈಗ ನಿಮ್ಮ ಕೈಲಿದೆ. ಮೇಸ್ತ್ರಿ ಹೆಗಲ ಮೇಲೆ ಕೈ ಹಾಕಿದಾಗ ನನ್ನ ನೆನಪು ಮಾಡ್ಕೊಳ್ಳಿ. ಎಲ್ಲಿಂದ ಬಿದ್ದ ಅಂತ ಬರೆಯಿರಿ.

ಜೈಭೀಮ್.