ಶನಿವಾರ ನಾಲ್ಕು ಗಂಟೆಯ ತರಗತಿ



ಕಂಪ್ಯೂಟರ್ ಬಗ್ಗೆ ನಾಲ್ಕು ಮಾತು ಹೇಳಪ್ಪ ಎಂದು ಮುಖ್ಯೋಪಾಧ್ಯಾಯರು ಕರೆದಿದ್ದರು. ಅವರ ಅಪ್ಪಣೆ ಪಡೆದು ಬೇರೆ ವಿಷಯ ಮಾತಾಡುತ್ತೇನೆ.

ಗ್ರೀಕ್ ಅಕ್ಷರಗಳನ್ನು ನಾವೆಲ್ಲ ಈ ಶಾಲೆಯಲ್ಲೇ ಕಲಿತೆವು. ಪೈ, ಥೀಟಾ, ಆಲ್ಫಾ, ಬೀಟಾ. ಅವು ಯಾರದೋ ಮನೆಮಾತಿನ ಅಕ್ಷರ ಎಂದು ನನಗೆ ಹೊಳೆದದ್ದು ಕಂಪನಿ ಕೆಲಸದ ಮೇಲೆ ಮೆಲ್ಬರ್ನ್‌ನಲ್ಲಿದ್ದಾಗ. ಎರಡನೇ ಮಹಾಯುದ್ಧದ ನಂತರ ಸಾವಿರಾರು ಗ್ರೀಕರು ಹಡಗು ಹತ್ತಿ ಅಲ್ಲಿಗೆ ಹೋದರು. ಅವರ ಸಮುದಾಯ ಸಂಘವಂತೂ 1897ರದು. ಪಕ್ಕದ ಮನೆಯ ಹುಡುಗರು ವಾರವೆಲ್ಲ ಇಂಗ್ಲಿಷ್ ಶಾಲೆ ಮುಗಿಸಿ, ಶನಿವಾರ ಬೆಳಿಗ್ಗೆ ಗೊಣಗುತ್ತಲೇ ಗ್ರೀಕ್ ತರಗತಿಗೆ ಹೊರಡುತ್ತಿದ್ದರು. ದೊಡ್ಡವನೂ ಬಿಟ್ಟಿರಲಿಲ್ಲ. ಅಲ್ಲಿ ಹನ್ನೆರಡನೇ ತರಗತಿಯ ಪರೀಕ್ಷೆಗೆ ಗ್ರೀಕನ್ನೂ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು, ಅಂಕ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಸೇರುತ್ತದೆ. ಅಜ್ಜಿಯ ಒತ್ತಾಯಕ್ಕೆ ಅಂಕದ ಬಲವೂ ಇತ್ತು ಅನ್ನಿ!

ದೇಶ ಬಿಟ್ಟು ಹೋದವರಿಗೆ ಅದು ಬೇಕು, ಸರಿ. ವಾಪಸು ಬಂದು ನೋಡಿದರೆ ಮಾರತ್ತಹಳ್ಳಿಯಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೂ ಬೇಕಾಗಿದೆ. ನಮ್ಮ ಅಪಾರ್ಟ್‌ಮೆಂಟಿನ ಕನ್ನಡ ಮನೆಗಳ ಮಕ್ಕಳು ಮಾತಾಡುತ್ತಾರೆ, ಓದಲು ಬರುವುದಿಲ್ಲ. 2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯಿಂದಾಗಿ 2017-18ರಿಂದ ಹಂತಹಂತವಾಗಿ ಎಲ್ಲ ಶಾಲೆಗಳಿಗೂ ಕನ್ನಡ ಬಂತು. ಆದರೆ ಪ್ರಶ್ನೋತ್ತರ ಬಾಯಿಪಾಠ ಮಾಡಿ ಅಂಕ ತೆಗೆದವರೂ ಬಸ್ಸಿನ ಬೋರ್ಡಿನ ಮುಂದೆ ತಡವರಿಸುತ್ತಾರೆ.

ಹಾಗಾಗಿ ನಾವು ಮೂವರು ಸೇರಿ ಶನಿವಾರ ನಾಲ್ಕು ಗಂಟೆಗೆ ತರಗತಿ ನಡೆಸುತ್ತಿದ್ದೇವೆ. ಮೊದಲ ಪಾಠ ನಮ್ಮ ಊರಿನ ಹೆಸರೇ. ಇಂಗ್ಲಿಷ್ ಬೋರ್ಡು ಓದಿ ಎಷ್ಟೋ ಜನ ‘ಮರಾಠಹಳ್ಳಿ’ ಅನ್ನುತ್ತಾರೆ. ಕನ್ನಡದಲ್ಲಿ ಬರೆದರೆ ಆ ಗೊಂದಲವೇ ಇಲ್ಲ. ಮೇಲಾಗಿ ತಕಾರಕ್ಕೊಂದು, ಳಕಾರಕ್ಕೊಂದು, ಎರಡು ಒತ್ತು ಒಂದೇ ಹೆಸರಿನಲ್ಲಿ ಸಿಗುತ್ತವೆ. ನಿಜವಾದ ಕಷ್ಟ ಅರ್ಕಾವತ್ತಿನದು. ಬಾಯಲ್ಲಿ ಮೊದಲು ಬರುವ ರಕಾರವನ್ನು ಕೈಯಲ್ಲಿ ಆಮೇಲೆ ಬರೆಯಬೇಕು. ‘ಸೂರ್ಯ’ವನ್ನು ‘ಸೂಯ್ರ’ ಎಂದು ಓದುವ ಮಗುವಿನ ತರ್ಕದಲ್ಲಿ ತಪ್ಪೇನಿದೆ?

ಚಿಕ್ಕವರು ಬರುತ್ತಾರೆ. ಎಂಟನೇ ತರಗತಿ ದಾಟಿದ ಮೇಲೆ ಟ್ಯೂಷನ್ನು ಎಳೆದುಕೊಂಡು ಹೋಗುತ್ತದೆ. ಹದಿನೈದು ವರ್ಷದವನಿಗೆ ‘ಅ ಅರಸ, ಆ ಆನೆ’ ತಿದ್ದಿಸಿದರೆ ಅವನಿಗೆ ಅವಮಾನ. ಅಂಥವರಿಗೆ ಮನೆಯಿಂದ ಒಂದು ಕಾಗದ ತನ್ನಿ ಅಂದೆವು. ಒಬ್ಬಳು ಅಜ್ಜಿ ಬರೆದಿಟ್ಟ ಹುಳಿಪುಡಿಯ ಅಳತೆ ತಂದಳು. ಇನ್ನೊಬ್ಬ ಊರಿನ ಜಮೀನಿನ ಪಹಣಿ ತಂದ. ಸರ್ವೆ ನಂಬರು, ಎಕರೆ, ಗುಂಟೆ, ಖುಷ್ಕಿ, ತರಿ ಎಲ್ಲ ಒಂದೊಂದಾಗಿ ಕೂಡಿಸಿ ಓದುತ್ತಾ ಬಂದವನು ತಾತನ ಹೆಸರಿನ ಹತ್ತಿರ ನಿಂತ. ಅದನ್ನು ಎರಡು ಸಲ ಓದಿದ. ಈಗ ಅವನು ಟ್ಯೂಷನ್ನಿನ ಸಮಯವನ್ನೇ ಬದಲಾಯಿಸಿಕೊಂಡಿದ್ದಾನೆ.

ನಮಗೆ ಕಲಿಸುವವರು ಸಾಲದು. ಇಲ್ಲಿ ಕೂತಿರುವ ಒಂಬತ್ತನೇ ತರಗತಿಯ ಮಕ್ಕಳು ನಮ್ಮ ಮಕ್ಕಳಿಗಿಂತ ಎಷ್ಟೋ ಚೆನ್ನಾಗಿ ಓದುತ್ತೀರಿ. ಮನೆಯವರೂ ಮುಖ್ಯೋಪಾಧ್ಯಾಯರೂ ಒಪ್ಪಿದರೆ, ಮುಂದಿನ ತಿಂಗಳಿಂದ ಶನಿವಾರಕ್ಕೆ ನಾಲ್ವರಾದರೂ ಬನ್ನಿ. ಕರೆದುಕೊಂಡು ಹೋಗಿ ಮನೆಗೆ ಬಿಡುವ ಜವಾಬ್ದಾರಿ ನನ್ನದು.